ಕಳುವಾದದ್ದೇ ಗೊತ್ತಿರದ ನಟರಾಜ

ಪ್ರಿಯ ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿತು. ಸಿನಿಮಾ ಮುಗಿಸಿ, ನಿದ್ದೆ ಬಾರದೆ, ಕೂತ ಜಾಗದಲ್ಲೇ ಬರೆದದ್ದು ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ದೇವರ ವಿಗ್ರಹ ಕದಿಯುವವರು, ಅದನ್ನು ಗಡಿ ದಾಟಿಸುವವರು, ಕಂಡೂ ಕಾಣದ ಹಾಗಿರುವ ಅಧಿಕಾರಿಗಳು, ಎಲ್ಲರ ಬೆನ್ನ ಹಿಂದೆ ಒಬ್ಬ ದೊಡ್ಡ ಮನುಷ್ಯ. “ಇದೆಲ್ಲ ನಿಜವಾಗಿಯೂ ನಡೆಯುತ್ತದಾ, ಇಲ್ಲ ಸಿನಿಮಾದವರ ಮಸಾಲೆಯಾ?” ಎಂದು ಕೇಳಿದ್ದೀರಿ. ನಡೆಯುತ್ತದೆ. ನೀವು ನೋಡಿದ್ದಕ್ಕಿಂತ ವಿಚಿತ್ರವಾಗಿ ನಡೆದಿದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರಿಸಬೇಡಿ.

ನೀವು ನೋಡಿದ ‘ಪೊನ್ ಮಾಣಿಕ್ಕವೇಲ್’ 2021ರ ನವೆಂಬರಿನಲ್ಲಿ ಚಿತ್ರಮಂದಿರದ ಕಡೆ ತಲೆ ಹಾಕದೆ ನೇರವಾಗಿ ಓಟಿಟಿಗೆ ಬಂದ ಚಿತ್ರ. ಪ್ರಭುದೇವ ಅದರಲ್ಲಿ ಪೊಲೀಸ್ ಅಧಿಕಾರಿ. ಚಿತ್ರ ನನಗೆ ಅಷ್ಟೇನೂ ಹಿಡಿಸಲಿಲ್ಲ. ಇಷ್ಟು ದೊಡ್ಡ ವಿಷಯ ಕೈಯಲ್ಲಿಟ್ಟುಕೊಂಡು ಹೊಡೆದಾಟಕ್ಕೆ ಯಾಕೆ ಅಷ್ಟು ಜಾಗ ಕೊಟ್ಟರೋ! ಇಂಥ ಚಿತ್ರಗಳಲ್ಲಿ ಒಬ್ಬ ಖಳನಾಯಕ ಇರಲೇಬೇಕು, ಕೊನೆಯ ಹತ್ತು ನಿಮಿಷದಲ್ಲಿ ಅವನು ನಾಯಕನ ಕೈಗೆ ಸಿಕ್ಕಲೇಬೇಕು. ತಮಿಳುನಾಡಿನಲ್ಲಿ ನಿಜವಾಗಿ ನಡೆದ ವಿಗ್ರಹ ಕಳ್ಳತನದಲ್ಲಿ ಗುಂಡಿನ ಸದ್ದಿಗಿಂತ ರಬ್ಬರ್ ಸ್ಟಾಂಪಿನ ಸದ್ದೇ ಹೆಚ್ಚು ಕೇಳುತ್ತದೆ.

ಶ್ರೀಪುರಂತನ್ ಎಂಬ ಊರಿನಿಂದ ಹೇಳುತ್ತೇನೆ. ಅರಿಯಲೂರು ಜಿಲ್ಲೆಯದು. ರಾಜೇಂದ್ರ ಚೋಳ ರಾಜಧಾನಿ ಕಟ್ಟಿಸಿದ ಗಂಗೈಕೊಂಡ ಚೋಳಪುರ ಇರುವುದೂ ಅದೇ ಜಿಲ್ಲೆಯಲ್ಲಿ. ಶ್ರೀಪುರಂತನ್ನಿನಲ್ಲಿ ಒಂದು ಬೃಹದೀಶ್ವರ ದೇವಸ್ಥಾನವಿದೆ. ತಂಜಾವೂರಿನದನ್ನು ನೆನೆಸಿಕೊಳ್ಳಬೇಡಿ, ಇದು ಸಣ್ಣದು. ನಿತ್ಯಪೂಜೆ ನಿಂತು, ಬಾಗಿಲಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಒಳಗೆ ಚೋಳರ ಕಾಲದ ಪಂಚಲೋಹದ ಉತ್ಸವಮೂರ್ತಿಗಳಿದ್ದವು. ಅವುಗಳಲ್ಲಿ ಒಬ್ಬ ನಟರಾಜ, ನಾಲ್ಕು ಅಡಿಗೂ ಎತ್ತರ, ಸುತ್ತ ಜ್ವಾಲೆಯ ಪ್ರಭಾವಳಿ.

2006ರಲ್ಲಿ ಕಳ್ಳರು ಬೀಗ ಒಡೆದರು. ಒಂದೇ ಸಲಕ್ಕೆ ಎಲ್ಲವನ್ನೂ ಹೊತ್ತೊಯ್ಯಲಿಲ್ಲ, ಕಂತಿನಲ್ಲಿ ಸಾಗಿಸಿದರು. ಹೋಗುವಾಗ ಒಡೆದ ಬೀಗವನ್ನು ಅಂಟಿಸಿ ಮೊದಲಿನಂತೆಯೇ ಕಾಣುವ ಹಾಗೆ ಮಾಡಿ ಹೋದರು. ದೇವಸ್ಥಾನದ ಮುಂದೆ ಹಾದುಹೋಗುವವರಿಗೆ ಎಂದಿನ ಬಾಗಿಲು, ಎಂದಿನ ಬೀಗ. ಒಳಗೆ ಎಂಟು ಮೂರ್ತಿಗಳು ಇಲ್ಲ. ಇದು ಊರಿಗೂ ಗೊತ್ತಾಗಲಿಲ್ಲ, ಸರ್ಕಾರಕ್ಕೂ ಗೊತ್ತಾಗಲಿಲ್ಲ.

ನಮ್ಮಲ್ಲಿ ಮುಜರಾಯಿ ಇಲಾಖೆ ಇರುವ ಹಾಗೆ ತಮಿಳುನಾಡಿನಲ್ಲಿ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿ ಇಲಾಖೆ ಇದೆ. ಹತ್ತಾರು ಸಾವಿರ ದೇವಸ್ಥಾನಗಳು ಅದರ ಅಧೀನದಲ್ಲಿವೆ. ಆದಾಯವಿರುವ ದೇವಸ್ಥಾನಕ್ಕೆ ಕಾರ್ಯನಿರ್ವಾಹಕ ಅಧಿಕಾರಿ, ಹುಂಡಿ ಎಣಿಕೆ, ಕಾವಲುಗಾರ ಎಲ್ಲ ಇರುತ್ತಾರೆ. ಶ್ರೀಪುರಂತನ್ನಿನಂಥದ್ದಕ್ಕೆ ಕಡತದಲ್ಲಿ ಒಂದು ಹೆಸರು, ಬಾಗಿಲಿಗೆ ಒಂದು ಬೀಗ. 2008ರ ಆಗಸ್ಟಿನಲ್ಲಿ ಅಧಿಕಾರಿಗಳು ಬಂದು ಬಾಗಿಲು ತೆಗೆಸಿದಾಗಲೇ ಎಂಟು ಪೀಠಗಳು ಖಾಲಿ ಇರುವುದು ಕಂಡದ್ದು. ಹತ್ತಿರದ ಸುತ್ತಮಲ್ಲಿಯ ವರದರಾಜ ಪೆರುಮಾಳ್ ದೇವಸ್ಥಾನದ್ದೂ ಅದೇ ಪಾಡು. ಅಲ್ಲಿಂದಲೂ ಹದಿನೆಂಟು, ಹತ್ತೊಂಬತ್ತು ಮೂರ್ತಿಗಳು ಹೋಗಿದ್ದವು.

ಇಲ್ಲಿ ಆ ತಾರೀಖುಗಳನ್ನು ಸ್ವಲ್ಪ ಗಮನಿಸಿ. ಕಳ್ಳತನ 2006ರಲ್ಲಿ. ಅದೇ ವರ್ಷ ನಟರಾಜ ಚೆನ್ನೈ ಬಿಟ್ಟು ನ್ಯೂಯಾರ್ಕ್ ಸೇರಿಯಾಗಿತ್ತು. ಅಲ್ಲಿ ಮ್ಯಾಡಿಸನ್ ಅವೆನ್ಯೂದಲ್ಲಿ ಸುಭಾಷ್ ಕಪೂರ್ ಎಂಬ ವ್ಯಾಪಾರಿಯ ‘ಆರ್ಟ್ ಆಫ್ ದ ಪಾಸ್ಟ್’ ಎಂಬ ಅಂಗಡಿ. 2008ರ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ರಾಷ್ಟ್ರೀಯ ಕಲಾ ಗ್ಯಾಲರಿ ಆ ನಟರಾಜನನ್ನು 50 ಲಕ್ಷ ಡಾಲರಿಗೆ ಕೊಂಡಿತು. ಆಗಿನ ಲೆಕ್ಕಕ್ಕೆ ಸುಮಾರು 20 ಕೋಟಿ ರೂಪಾಯಿ. ಕಳುವಾಗಿದೆ ಎಂದು ಮನೆಯವರಿಗೆ ಗೊತ್ತಾದದ್ದು ಅದಾಗಿ ತಿಂಗಳುಗಳ ಮೇಲೆ. ಈ ಮಾತನ್ನು ಯಾವ ಚಿತ್ರಕಥೆಗಾರ ಬರೆದಿದ್ದರೂ ನಿರ್ಮಾಪಕ “ಯಾರು ನಂಬ್ತಾರೆ ಸ್ವಾಮಿ” ಅಂತ ಹೊಡೆದು ಹಾಕುತ್ತಿದ್ದನೋ ಏನೋ.

ಗ್ಯಾಲರಿಯವರು ಏನೂ ವಿಚಾರಿಸದೆ ಕೊಂಡರೇ? ವಿಚಾರಿಸಿದರು. ನನಗೆ ಸಿಟ್ಟು ಬರುವುದೂ ಅಲ್ಲಿಯೇ. ಭಾರತದಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಜಾರಿಗೆ ಬಂದಮೇಲೆ ನೂರು ವರ್ಷ ದಾಟಿದ ಇಂಥ ಮೂರ್ತಿಯನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವ ಹಾಗೇ ಇಲ್ಲ. ಹಾಗಾಗಿ ಈ ದಂಧೆಯಲ್ಲಿ ಎಲ್ಲರಿಗೂ ಬೇಕಾಗುವುದು ಒಂದೇ ಕಾಗದ: “ವಸ್ತು ಅದಕ್ಕೂ ಮೊದಲೇ ಭಾರತ ಬಿಟ್ಟಿತ್ತು” ಎಂದು ಹೇಳುವ ಕಾಗದ. ಕಪೂರ್ ಅದನ್ನು ಹುಟ್ಟಿಸಿಕೊಟ್ಟ. ಹಿಂದೆ ದೆಹಲಿಯಲ್ಲಿ ಕೆಲಸದಲ್ಲಿದ್ದ ಸೂಡಾನಿನ ರಾಜತಾಂತ್ರಿಕರೊಬ್ಬರು 1970ರ ಆಸುಪಾಸಿನಲ್ಲಿ ಕೊಂಡು ತಮ್ಮ ಜೊತೆ ಒಯ್ದದ್ದು ಎಂಬ ಕಥೆ, ಅದಕ್ಕೆ ತಕ್ಕ ಪತ್ರ, ರಸೀದಿ.

ಎರಡನೆಯ ಕಾಗದ ಇನ್ನೂ ಸೊಗಸು. ಲಂಡನ್ನಿನಲ್ಲಿ ‘ಆರ್ಟ್ ಲಾಸ್ ರಿಜಿಸ್ಟರ್’ ಎಂಬ ಸಂಸ್ಥೆ ಕಳುವಾದ ಕಲಾವಸ್ತುಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಹಣ ಕಟ್ಟಿ ಕೇಳಿದರೆ ನಿಮ್ಮ ವಸ್ತು ಆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಶ್ರೀಪುರಂತನ್ನಿನ ನಟರಾಜ ಪಟ್ಟಿಯಲ್ಲಿ ಇರಲಿಲ್ಲ. ಹೇಗೆ ಇರುತ್ತಾನೆ? ದೂರು ಕೊಡಬೇಕಾದವರಿಗೇ ಕಳುವಿನ ಸುದ್ದಿ ಗೊತ್ತಿರಲಿಲ್ಲವಲ್ಲ. ಯಾರೂ ಕಾಣೆಯಾಗಿದ್ದಾನೆ ಎಂದು ಹೇಳದ ದೇವರಿಗೆ “ಕಳುವಿನ ಮಾಲಲ್ಲ” ಎಂದು ಸರ್ಟಿಫಿಕೇಟು ಸಿಕ್ಕಿತು.

ಇನ್ನು ದೇಶ ದಾಟಿಸಿದ್ದು ಹೇಗೆ ಎಂದು ಕೇಳಿದ್ದೀರಿ. ಕುಂಭಕೋಣದ ಪಕ್ಕದ ಸ್ವಾಮಿಮಲೈನಲ್ಲಿ ಇವತ್ತಿಗೂ ಸ್ಥಪತಿಗಳ ಮನೆತನಗಳಿವೆ. ಮೊದಲು ಮೇಣದಲ್ಲಿ ಮೂರ್ತಿ ಕಡೆದು, ಕಾವೇರಿಯ ಮಣ್ಣು ಮೆತ್ತಿ, ಕಾಸಿ ಮೇಣ ಇಳಿಸಿ, ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಚೋಳರ ಕಾಲದ ಅದೇ ವಿಧಾನ, ಅದೇ ಅಳತೆ, ಅದೇ ಧ್ಯಾನಶ್ಲೋಕ. ಹೊಸ ಮೂರ್ತಿಗಳನ್ನು ಕರಕುಶಲ ವಸ್ತುಗಳೆಂದು ರಫ್ತು ಮಾಡುವುದು ಪೂರ್ತಿ ಕಾನೂನುಬದ್ಧ ವ್ಯಾಪಾರ, “ಇದು ಪುರಾತನವಲ್ಲ” ಎಂಬ ಪ್ರಮಾಣಪತ್ರ ಇದ್ದರಾಯಿತು. ಕಳ್ಳಸಾಗಣೆದಾರರು ನುಸುಳುವುದು ಈ ಬಾಗಿಲಿನಿಂದ. ಹೊಸದಕ್ಕೆ ಪ್ರಮಾಣಪತ್ರ ಮಾಡಿಸಿ, ಪೆಟ್ಟಿಗೆಯೊಳಗೆ ಹಳೆಯದನ್ನು ಇಡುವುದು. ಬಂದರಿನಲ್ಲಿ ನೋಡುವವನಿಗೆ ಸಾವಿರ ವರ್ಷದ ಕಿಲುಬಿಗೂ ರಾಸಾಯನಿಕ ಬಳಿದು ಬರಿಸಿದ ಕಿಲುಬಿಗೂ ವ್ಯತ್ಯಾಸ ತಿಳಿಯದು. ತಿಳಿಯದ ಹಾಗೆ ಇರುವುದಕ್ಕೆ ಸಂಬಳದ ಮೇಲೆ ಇನ್ನಷ್ಟು ಸಿಗುವುದಾದರೆ ಕೇಳುವುದೇ ಬೇಡ.

ಇದರ ತಿರುವುಮುರುವು ಆಟ ಇನ್ನೂ ಹಳೆಯದು. 1951ರಲ್ಲಿ ಕುಂಭಕೋಣದ ಬಳಿಯ ಶಿವಪುರದಲ್ಲಿ ನೆಲದೊಳಗಿಂದ ಒಂದು ನಟರಾಜ ಸಿಕ್ಕಿತು. ದುರಸ್ತಿಗೆಂದು 1954ರಲ್ಲಿ ಸ್ಥಪತಿಯೊಬ್ಬರ ಬಳಿಗೆ ಹೋಯಿತು. ಅಲ್ಲಿಂದ ದೇವಸ್ಥಾನಕ್ಕೆ ಮರಳಿದ್ದು ನಕಲು. ಊರಿನವರು ಅದಕ್ಕೇ ಆರತಿ ಎತ್ತುತ್ತಿದ್ದರು. 1965ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಸ್ ಬ್ಯಾರೆಟ್ ತಮ್ಮ ಪುಸ್ತಕದಲ್ಲಿ ದೇವಸ್ಥಾನದಲ್ಲಿರುವುದು ಅಸಲಿಯಲ್ಲ ಎಂದು ಬರೆದಾಗಲೇ ಗುಟ್ಟು ರಟ್ಟಾದದ್ದು. ಅಸಲಿ ಮೂರ್ತಿಯನ್ನು 1973ರಲ್ಲಿ ಅಮೆರಿಕದ ಉದ್ಯಮಿ ನಾರ್ಟನ್ ಸೈಮನ್ ಅವರ ಪ್ರತಿಷ್ಠಾನ 9 ಲಕ್ಷ ಡಾಲರಿಗೆ ಕೊಂಡಿತು. ಭಾರತ ಸರ್ಕಾರ ಮೊಕದ್ದಮೆ ಹೂಡಿ, ಕೊನೆಗೆ ರಾಜಿಯಾಗಿ, ಹತ್ತು ವರ್ಷ ಅಲ್ಲೇ ಪ್ರದರ್ಶನಕ್ಕಿಟ್ಟುಕೊಳ್ಳಿ ಎಂದು ಒಪ್ಪಿ, 1986ರಲ್ಲಿ ಅದು ಮರಳಿ ಬಂತು.

ಪತ್ತೂರಿನ ನಟರಾಜನ ಪ್ರಕರಣವಂತೂ ನಿಮ್ಮಂಥ ಕೋರ್ಟು ಕಥೆಗಳ ಪ್ರಿಯರಿಗೆ ಹಬ್ಬ. 1976ರಲ್ಲಿ ಕೂಲಿಯವನೊಬ್ಬ ಗುಡಿಸಲ ಬಳಿ ಅಗೆಯುವಾಗ ಸಿಕ್ಕಿದ ಮೂರ್ತಿ ಅದು. ಕೈಯಿಂದ ಕೈಗೆ ದಾಟಿ ಲಂಡನ್ ತಲುಪಿ, 1982ರಲ್ಲಿ ಕೆನಡಾದ ಕಂಪನಿಯೊಂದು ಎರಡೂವರೆ ಲಕ್ಷ ಪೌಂಡಿಗೆ ಕೊಂಡಿತು. ಪೊಲೀಸರು ವಶಪಡಿಸಿಕೊಂಡರು. ಲಂಡನ್ ಹೈಕೋರ್ಟಿನಲ್ಲಿ ದಾವೆ ನಡೆಯಿತು. ಅದರಲ್ಲಿ ಪತ್ತೂರಿನ ಪಾಳುಬಿದ್ದ ದೇವಸ್ಥಾನವೂ ಒಬ್ಬ ಹಕ್ಕುದಾರ! ದೇವರನ್ನು ಕಾನೂನಿನ ವ್ಯಕ್ತಿ ಎಂದು ಒಪ್ಪುವುದು ನಮ್ಮ ನ್ಯಾಯಾಲಯಗಳಿಗೆ ಹಳೆಯ ಮಾತು, ಇಂಗ್ಲೆಂಡಿಗೆ ಹೊಸದು. ತಮಿಳುನಾಡಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಆರ್. ನಾಗಸ್ವಾಮಿ ಹೋಗಿ ಸಾಕ್ಷಿ ಹೇಳಿದರು. ಮೂರ್ತಿಗೆ ಅಂಟಿದ್ದ ಮಣ್ಣು, ಗೆದ್ದಲಿನ ಜಾಡು ಎಲ್ಲವೂ ವಿಚಾರಣೆಗೆ ಬಂದವು. ದೇವಸ್ಥಾನಕ್ಕೆ ಹಕ್ಕಿದೆ ಎಂದು 1988ರಲ್ಲಿ ತೀರ್ಪಾಯಿತು, ಮೇಲ್ಮನವಿಯಲ್ಲೂ ಅದೇ ನಿಂತಿತು, 1991ರಲ್ಲಿ ನಟರಾಜ ಮನೆಗೆ ಬಂದ. ಇದನ್ನು ಯಾರಾದರೂ ಸಿನಿಮಾ ಮಾಡಲಿ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಒಂದೂ ಹೊಡೆದಾಟ ಬೇಕಾಗುವುದಿಲ್ಲ.

ಅಂದ ಹಾಗೆ, ತಮಿಳುನಾಡಿನ ಹೊಲಗಳಲ್ಲಿ ಇಷ್ಟೊಂದು ಮೂರ್ತಿಗಳು ಯಾಕೆ ಸಿಗುತ್ತವೆ ಎಂದು ನಿಮಗೆ ಅನಿಸಬಹುದು. ದಾಳಿಯ ಭಯವಾದಾಗ ಉತ್ಸವಮೂರ್ತಿಗಳನ್ನು ಮರಳು ಹಾಸಿ ಹೂತಿಡುವುದು ರೂಢಿಯಾಗಿತ್ತು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ನಮ್ಮ ದೋರಸಮುದ್ರವನ್ನು ಮುಗಿಸಿಕೊಂಡೇ ತಮಿಳು ನಾಡಿಗೆ ಇಳಿದದ್ದು. ಹೂತಿಟ್ಟವರಲ್ಲಿ ಅನೇಕರು ಮತ್ತೆ ಅಗೆಯಲು ಉಳಿಯಲಿಲ್ಲ. ಅವರು ಸೈನ್ಯದಿಂದ ಉಳಿಸಿದ್ದನ್ನು ಆರೂವರೆ ಶತಮಾನದ ಮೇಲೆ ದಲ್ಲಾಳಿಗಳು ಕೊಂಡೊಯ್ದರು.

ಶ್ರೀಪುರಂತನ್ನಿಗೆ ಮರಳುತ್ತೇನೆ. ಅಲ್ಲಿನ ನಟರಾಜ ಸಿಕ್ಕಿಬಿದ್ದದ್ದು ಒಂದು ಫೋಟೋದಿಂದ. ಪಾಂಡಿಚೇರಿಯಲ್ಲಿ 1955ರಲ್ಲಿ ಶುರುವಾದ ಫ್ರೆಂಚ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿನವರು 1956ರಿಂದ ಊರೂರು ಅಲೆದು ದಕ್ಷಿಣದ ದೇವಸ್ಥಾನಗಳ ಮೂರ್ತಿಗಳನ್ನು ಕಪ್ಪು ಬಿಳುಪಿನಲ್ಲಿ ಸೆರೆಹಿಡಿಯುತ್ತ ಬಂದರು. ಆಗಮ, ಶಿಲ್ಪಶಾಸ್ತ್ರದ ಅಧ್ಯಯನಕ್ಕೆಂದು ತೆಗೆದದ್ದು, ಕಳ್ಳರನ್ನು ಹಿಡಿಯುವ ಉದ್ದೇಶ ಯಾರಿಗೂ ಇರಲಿಲ್ಲ. ಈಗ ಆ ಸಂಗ್ರಹದಲ್ಲಿ ಲಕ್ಷಕ್ಕೂ ಮೀರಿದ ಚಿತ್ರಗಳಿವೆ. ಶ್ರೀಪುರಂತನ್ನಿನ ನಟರಾಜನ ಚಿತ್ರವೂ ಇತ್ತು. ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿ ಹೊರತೆಗೆಯುವುದರಿಂದ ಒಂದರ ಹಾಗೆ ಇನ್ನೊಂದು ಹುಟ್ಟುವುದಿಲ್ಲ. ಪ್ರಭಾವಳಿಯ ಜ್ವಾಲೆಗಳು, ಎರಕದ ಕಲೆಗಳು, ಪೀಠದಲ್ಲಿನ ಸವೆತ ಎಲ್ಲವನ್ನೂ ಗ್ಯಾಲರಿಯ ಕ್ಯಾಟಲಾಗಿನ ಚಿತ್ರದ ಪಕ್ಕ ಇಟ್ಟು ನೋಡಿದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಹೀಗೆ ಚಿತ್ರಕ್ಕೆ ಚಿತ್ರ ಹೊಂದಿಸುವ ಕೆಲಸದಲ್ಲಿ ಸಿಂಗಪುರದ ಹಡಗು ಕಂಪನಿಯೊಂದರಲ್ಲಿದ್ದ ಎಸ್. ವಿಜಯಕುಮಾರ್ ಮತ್ತು ಅವರ ಗೆಳೆಯರದು ದೊಡ್ಡ ಪಾತ್ರ. ‘ಇಂಡಿಯಾ ಪ್ರೈಡ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಸಂಬಳವಿಲ್ಲದೆ ದುಡಿದ ಗುಂಪು ಅದು. ವಿಜಯಕುಮಾರ್ 2018ರಲ್ಲಿ ‘ದಿ ಐಡಲ್ ಥೀಫ್’ ಎಂಬ ಪುಸ್ತಕದಲ್ಲಿ ಇದನ್ನೆಲ್ಲ ಹೇಳಿದ್ದಾರೆ. ಸಿಕ್ಕರೆ ಓದಿ, ನಿಮಗೆ ಹಿಡಿಸುತ್ತದೆ.

ಕಪೂರ್ 2011ರ ಅಕ್ಟೋಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. 2012ರ ಜುಲೈನಲ್ಲಿ ಅವನನ್ನು ಭಾರತಕ್ಕೆ ಒಪ್ಪಿಸಿದರು. ಅವನ ಗೋದಾಮುಗಳಿಂದ, ಜಾಲದಿಂದ ಅಮೆರಿಕದ ತನಿಖೆಯವರು ಹೊರತೆಗೆದದ್ದು 2,500ಕ್ಕೂ ಹೆಚ್ಚು ವಸ್ತುಗಳು, ಬೆಲೆ 14 ಕೋಟಿ ಡಾಲರಿಗೂ ಮಿಕ್ಕಿದ್ದು. ಆಸ್ಟ್ರೇಲಿಯಾದ ಅಂದಿನ ಪ್ರಧಾನಿ ಟೋನಿ ಅಬಾಟ್ 2014ರ ಸೆಪ್ಟೆಂಬರಿನಲ್ಲಿ ದೆಹಲಿಗೆ ಬಂದಾಗ ನಟರಾಜನನ್ನೂ, ವೃದ್ಧಾಚಲದ ಕಲ್ಲಿನ ಅರ್ಧನಾರೀಶ್ವರನನ್ನೂ ಜೊತೆಗೇ ತಂದು ಒಪ್ಪಿಸಿದರು. ಕಪೂರನಿಗೆ ಕುಂಭಕೋಣದ ನ್ಯಾಯಾಲಯ ಹತ್ತು ವರ್ಷದ ಶಿಕ್ಷೆ ಕೊಟ್ಟದ್ದು 2022ರ ನವೆಂಬರಿನಲ್ಲಿ. ಹಿಡಿದು ಹನ್ನೊಂದು ವರ್ಷ ಕಳೆದಿತ್ತು.

ಈಗ ನೀವು ಒತ್ತಿ ಕೇಳಿದ ಭ್ರಷ್ಟಾಚಾರಕ್ಕೆ ಬರುತ್ತೇನೆ. ಚಿತ್ರದ ಹೆಸರು ನಿಜವಾದ ಅಧಿಕಾರಿಯೊಬ್ಬರ ಹೆಸರನ್ನೇ ಹೋಲುತ್ತದೆ. ಎ.ಜಿ. ಪೊನ್ ಮಾಣಿಕ್ಕವೇಲ್ ತಮಿಳುನಾಡು ಪೊಲೀಸಿನ ವಿಗ್ರಹ ಕಳ್ಳತನ ತಡೆ ದಳದ ಮುಖ್ಯಸ್ಥರಾಗಿದ್ದವರು. ತಂಜಾವೂರಿನ ದೊಡ್ಡ ಗುಡಿಯ ರಾಜರಾಜ ಚೋಳ ಮತ್ತು ಲೋಕಮಾದೇವಿಯ ಮೂರ್ತಿಗಳು 2018ರಲ್ಲಿ ಗುಜರಾತಿನ ಸಂಗ್ರಹಾಲಯದಿಂದ ಮರಳಿದ್ದು ಅವರ ಕಾಲದಲ್ಲಿ. ಅದೇ ವರ್ಷ ಧರ್ಮಾದಾಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರನ್ನು, ಕಾಂಚೀಪುರದ ಹೊಸ ವಿಗ್ರಹಕ್ಕೆಂದು ಸೇರಿಸಿದ ಚಿನ್ನದ ಪ್ರಕರಣದಲ್ಲಿ ಬಂಧಿಸಲಾಯಿತು. ವಶಪಡಿಸಿಕೊಂಡ ಮೂರ್ತಿಗಳನ್ನೇ ವ್ಯಾಪಾರಿಗೆ ಮಾರಿದ ಆರೋಪ ದಳದ ಒಳಗಿನ ಅಧಿಕಾರಿಯೊಬ್ಬರ ಮೇಲೂ ಬಂತು. ರಾಜ್ಯ ಸರ್ಕಾರ ಪ್ರಕರಣಗಳನ್ನು ಸಿಬಿಐಗೆ ವರ್ಗಾಯಿಸಲು ಹೊರಟಾಗ ಮದ್ರಾಸ್ ಹೈಕೋರ್ಟ್ ತಡೆದು, ನಿವೃತ್ತಿಯ ದಿನವೇ ಪೊನ್ ಮಾಣಿಕ್ಕವೇಲ್ ಅವರನ್ನು ವಿಶೇಷಾಧಿಕಾರಿಯಾಗಿ ಮುಂದುವರಿಸಿತು. ಇಲ್ಲಿಯವರೆಗೆ ಸಿನಿಮಾದ ಹಾಗೇ ಇದೆ, ಅಲ್ಲವೇ? ಮುಂದೆ ಕೇಳಿ. 2022ರಲ್ಲಿ ಅದೇ ಹೈಕೋರ್ಟ್ ಅವರ ವಿರುದ್ಧದ ಆರೋಪಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು, 2024ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಅವರು ಆರೋಪವನ್ನು ಅಲ್ಲಗಳೆದಿದ್ದಾರೆ. ಯಾರು ಸರಿ ಎಂದು ಹೇಳುವುದು ನ್ಯಾಯಾಲಯದ ಕೆಲಸ. ಸಿನಿಮಾದಲ್ಲಿ ನಾಯಕ ಕೊನೆಯವರೆಗೂ ನಾಯಕನೇ ಆಗಿರುವ ಸುಖ ನಿಜದಲ್ಲಿ ಇಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಲಂಚದ ಪಾಲು ಇದರಲ್ಲಿ ಖಂಡಿತ ಇದೆ. ಆದರೆ ನನ್ನ ತಿಳಿವಳಿಕೆಯಲ್ಲಿ ಅದಕ್ಕಿಂತ ದೊಡ್ಡ ಕಾರಣ, ಏನಿದೆ ಎಂಬ ಲೆಕ್ಕವನ್ನೇ ಇಡದಿದ್ದದ್ದು. ಅನಂತಮಂಗಲದ ರಾಜಗೋಪಾಲಸ್ವಾಮಿ ದೇವಸ್ಥಾನದಿಂದ 1978ರಲ್ಲಿ ಹೋದ ರಾಮ, ಲಕ್ಷ್ಮಣ, ಸೀತೆ 2020ರಲ್ಲಿ ಲಂಡನ್ನಿನಿಂದ ಮರಳಿದರು. ಆಧಾರವಾದದ್ದು 1958ರಲ್ಲಿ ತೆಗೆದ ಪಾಂಡಿಚೇರಿಯ ಫೋಟೋ. ಆ ಫೋಟೋ ಇಲ್ಲದಿದ್ದರೆ ಸೀತೆ ಇವತ್ತಿಗೂ ಲಂಡನ್ನಿನಲ್ಲೇ ಇರುತ್ತಿದ್ದಳು. ಚಿತ್ರವೇ ಇಲ್ಲದ ಎಷ್ಟು ಗುಡಿಗಳಿವೆ, ಯೋಚಿಸಿ. ಮರಳಿ ಬಂದವೂ ನೇರವಾಗಿ ಗುಡಿ ಸೇರುವುದಿಲ್ಲ. ಮೊಕದ್ದಮೆಯ ಮುದ್ದೆಮಾಲಾಗಿ ನ್ಯಾಯಾಲಯಕ್ಕೆ ಹಾಜರಾಗಿ, ಎಷ್ಟೋ ಮೂರ್ತಿಗಳು ಸರ್ಕಾರದ ವಿಗ್ರಹ ಸುರಕ್ಷತಾ ಕೇಂದ್ರದ ಕೋಣೆಯಲ್ಲೇ ಉಳಿಯುತ್ತವೆ. ಊರಿನವರು “ನಮ್ಮ ಸ್ವಾಮಿಯನ್ನು ನಮಗೆ ಕೊಡಿ” ಅನ್ನುತ್ತಾರೆ, ಇಲಾಖೆ “ಕಾವಲು ಎಲ್ಲಿದೆ” ಅನ್ನುತ್ತದೆ. ಇಬ್ಬರ ಮಾತೂ ನ್ಯಾಯವೇ. ನನ್ನನ್ನು ಕೇಳಿದರೆ ನಾನು ಊರಿನವರ ಕಡೆ. ದಿನಕ್ಕೊಮ್ಮೆ ದೀಪ ಹಚ್ಚುವವರು ಒಬ್ಬರಿದ್ದರೆ ಎರಡು ವರ್ಷ ಗೊತ್ತಾಗದೆ ಎಂಟು ಮೂರ್ತಿ ಕಳುವಾಗಲು ಸಾಧ್ಯವೇ ಇಲ್ಲ.

ಇದು ತಮಿಳರ ತಾಪತ್ರಯ ಎಂದು ನಾವು ಸುಮ್ಮನಿರುವ ಹಾಗಿಲ್ಲ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದದ್ದು ನಿಮಗೆ ನೆನಪಿರಬೇಕು. ಅಲ್ಲಿ ಬಿಂಬಗಳ ದರ್ಶನಕ್ಕೆ ಜನ ಬರುತ್ತಿದ್ದರು, ಕಳುವು ಕೂಡಲೇ ತಿಳಿಯಿತು, ಪೊಲೀಸರು ಬೆನ್ನು ಹತ್ತಿದರು. ಬಾಗಿಲು ಮುಚ್ಚಿದ ಗುಡಿಗಳು ನಮ್ಮ ಜಿಲ್ಲೆಗಳಲ್ಲೂ ಕಡಿಮೆಯಿಲ್ಲ.

ಹಾಗಾಗಿ ನಿಮ್ಮಿಂದ ಒಂದು ಕೆಲಸವಾಗಬೇಕು. ಊರ ಜಾತ್ರೆಗೆ ತಪ್ಪದೆ ಹೋಗುತ್ತೀರಿ ಎಂದು ಬರೆದಿದ್ದೀರಲ್ಲ. ಈ ಸಲ ಹೋದಾಗ ಅರ್ಚಕರನ್ನೂ ಊರಿನ ಹಿರಿಯರನ್ನೂ ಕೇಳಿ, ಅವರು ಒಪ್ಪಿದರೆ ಅಭಿಷೇಕದ ಹೊತ್ತಿಗೆ, ರೇಷ್ಮೆ ಹೂವು ಆಭರಣ ಯಾವುದೂ ಇಲ್ಲದಾಗ, ಉತ್ಸವಮೂರ್ತಿಯ ಫೋಟೋ ತೆಗೆಯಿರಿ. ಎದುರಿನದು, ಬೆನ್ನಿನದು, ಎರಡೂ ಮಗ್ಗುಲಿನದು, ಪೀಠದ್ದು. ಅಲಂಕಾರದ ಫೋಟೋ ಗುರುತಿಗೆ ಬರುವುದಿಲ್ಲ. ಎತ್ತರ, ಅಗಲ ಅಳೆದು ಬರೆದಿಡಿ. ಎಲ್ಲಾದರೂ ಮುಕ್ಕಾಗಿದ್ದರೆ, ಅಕ್ಷರ ಕೆತ್ತಿದ್ದರೆ ಅದನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಒಂದು ಪ್ರತಿ ದೇವಸ್ಥಾನದಲ್ಲಿ, ಒಂದು ಮುಜರಾಯಿ ಕಚೇರಿಯಲ್ಲಿ ಸ್ವೀಕೃತಿ ಹಾಕಿಸಿಕೊಂಡು, ಒಂದು ನಿಮ್ಮ ಹತ್ತಿರ. ವಾಟ್ಸಾಪಿನಲ್ಲಿ ಮಾತ್ರ ಹಂಚಬೇಡಿ, ಎಲ್ಲಿ ಏನಿದೆ ಎಂದು ಕಳ್ಳರಿಗೂ ತಿಳಿಸಿದ ಹಾಗಾಗುತ್ತದೆ. ಕೆಲಸ ಮುಗಿದಮೇಲೆ ನನಗೊಂದು ಕಾಗದ ಹಾಕಿ.

ನಿಮ್ಮ ವಿಶ್ವಾಸಿ